ಪತ್ರಿಕೆಯ ಕೆಳಗಿನ ಮುಖ

ಊರಿನ ಶಾಂತಿ ಸುವ್ಯವಸ್ಥೆಗಿಂತಲೂ ಗಂಭೀರವಾದ ಪ್ರಶ್ನೆಯೊಂದು ಆ ಶುಕ್ರವಾರ ವಿಮಾ ಕಚೇರಿಯ ಗುಮಾಸ್ತನ ಮುಂದಿತ್ತು: ಒಂದು ಗಂಟೆ ಅಲುಗಾಡದ ಮನುಷ್ಯ ಎಲ್ಲಿ ಸಿಗುತ್ತಾನೆ?

ಬೀದಿಯಲ್ಲೇ ಕೂತು ಚಿತ್ರ ಬರೆಯುವ ಬಳಗವೊಂದನ್ನು ಅವನು ಸೇರಿದ್ದ. ಅದರ ಯಜಮಾನರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರಿಗೆ ಎಲ್ಲ ವಾರವೂ ಭಾನುವಾರವೇ. ಮಧ್ಯಾಹ್ನ ಒಂದಕ್ಕೆ ಎಲ್ಲರೂ ಪುಸ್ತಕ ಬಿಚ್ಚಿ ಸಾಲಾಗಿ ನೆಲದ ಮೇಲಿಡಬೇಕು. ಮೂರು ಸಲ ಖಾಲಿ ಹಾಳೆ ಇಟ್ಟವನು ಬಳಗದಿಂದ ಹೊರಗೆ. ಗುಮಾಸ್ತ ಎರಡು ಸಲ ಇಟ್ಟಾಗಿತ್ತು. ಒಮ್ಮೆ ಅವನು ಬರೆಯುತ್ತಿದ್ದ ಲಾರಿ ಹೊರಟುಹೋಯಿತು. ಇನ್ನೊಮ್ಮೆ ಮಳೆ ಬಂದು ಹಾಳೆಯನ್ನು ತೊಳೆದುಕೊಟ್ಟಿತು. ಬಾಳಿನಲ್ಲಿ ತನ್ನದೆನ್ನುವ ಸುಖ ಇದೊಂದೇ ಇದ್ದುದರಿಂದ, ಬೆನ್ನುನೋವೆಂದು ರಜೆ ಹಾಕಿ ಬಂದಿದ್ದ.

"ಇವತ್ತು ಮನುಷ್ಯರೇ ಬೇಕು, ಮರ ಗಿರ ನಡೆಯಲ್ಲ!" ಎಂದು ಮೇಷ್ಟ್ರು ಪಾರ್ಕಿನ ಗೇಟಿನಲ್ಲೇ ಸಾರಿದ್ದರು.

ಪಾರ್ಕಿನ ಬೆಂಚಿನ ಮೇಲೆ ಒಬ್ಬ ದಪ್ಪ ಮನುಷ್ಯ ಮುಖಕ್ಕೆ ಪತ್ರಿಕೆ ಮುಚ್ಚಿಕೊಂಡು, ಇಳಿಸಿಟ್ಟ ಮೂಟೆಯ ಹಾಗೆ ಮಲಗಿದ್ದ. ಗುಮಾಸ್ತ ಬರೆದೇ ಬರೆದ. ಹೊಟ್ಟೆ ಹೊಟ್ಟೆಯಂತೆಯೇ ಬಂತು. ಅವನ ಕೈಯಲ್ಲಿ ಇದು ಹಿಂದೆಂದೂ ಆಗಿರಲಿಲ್ಲ.

"ಏನ್ ಸ್ವಾಮಿ, ಹೆಣ ಬರೀತಿದ್ದೀರಾ?" ಹಿಂದೆ ನಿಂತು ನೋಡುತ್ತಿದ್ದ ಬೀಗ ರಿಪೇರಿಯವನೊಬ್ಬ ಕೇಳಿದ.

"ಮಲಗಿದ್ದಾರೆ ಕಣ್ರೀ."

"ಮುಖ ಮುಚ್ಚಿದ್ಮೇಲೆ ಹೆಣವೇ. ಬೇಕಾದ್ರೆ ಈ ಅಜ್ಜೀನ ಕೇಳಿ."

ಚೀಲ ಹಿಡಿದು ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಬಗ್ಗಿ ಚಿತ್ರ ನೋಡಿದಳು. "ಅಯ್ಯೋ ಪಾಪ, ಯಾವಾಗ ಹೋದ್ರಪ್ಪಾ?"

"ಹತ್ತೇ ನಿಮಿಷ!" ದೂರದಿಂದ ಮೇಷ್ಟ್ರು ಕೂಗಿದರು.

ಕಾಣದ ಮುಖವನ್ನು ಎಲ್ಲಿಂದ ತರುವುದು? ಕಣ್ಣು ಮುಚ್ಚಿದರೂ ಗುಮಾಸ್ತನಿಗೆ ಕಾಣುವ ಮುಖ ಲೋಕದಲ್ಲಿ ಒಂದೇ. ಅದು ಅವನ ಮ್ಯಾನೇಜರರದು. ಹನ್ನೊಂದು ವರ್ಷ ದಿನವೂ ಕಂಡದ್ದು, ಅದೂ ಮೇಜಿನಿಂದ ಮೇಲಿನ ಭಾಗ ಮಾತ್ರ. ಅವರು ಹೇಗೂ ಇಂದು ಮುಖ್ಯ ಕಚೇರಿಯ ಮೀಟಿಂಗಿನಲ್ಲಿದ್ದರು. ಗುಮಾಸ್ತ ರಬ್ಬರಿನಿಂದ ಪತ್ರಿಕೆಯನ್ನು ಉಜ್ಜಿ ತೆಗೆದು, ಇಸ್ತ್ರಿಪೆಟ್ಟಿಗೆಯಂಥ ಗದ್ದ, ಮೂಗಿನ ಮೇಲೆ ಕಡಲೆಯಷ್ಟು ಮಚ್ಚೆ, ರಜೆ ಮಂಜೂರು ಮಾಡಿ ಅಭ್ಯಾಸವಿಲ್ಲದ ತುಟಿ ಎಲ್ಲವನ್ನೂ ಕೂರಿಸಿದ.

"ಈಗ ಜೀವ ಬಂತು ನೋಡಿ!" ಬೀಗದವನು ಜೋರಾಗಿ ಚಪ್ಪಾಳೆ ತಟ್ಟಿದ.

ಆ ಸದ್ದಿಗೆ ಬೆಂಚಿನ ಮನುಷ್ಯ ಎದ್ದು ಕೂತ. ಪತ್ರಿಕೆ ಜಾರಿತು.

ಅಜ್ಜಿ ಚಿತ್ರ ನೋಡಿದಳು, ಮುಖ ನೋಡಿದಳು. "ಮಚ್ಚೆ ಸಮೇತ ಹಂಗೇ ಇದೆಯಲ್ಲೋ! ಪೇಪರ್ ಒಳಗಿಂದ ನಿಂಗೆ ಹೆಂಗಪ್ಪಾ ಕಾಣಿಸ್ತು?"

ಮ್ಯಾನೇಜರರು ನಿಧಾನವಾಗಿ ಬಂದು ಪುಸ್ತಕ ಕೈಗೆತ್ತಿಕೊಂಡರು. ಬಹಳ ಹೊತ್ತು ನೋಡಿದರು.

"ಬೆನ್ನುನೋವು ಹೇಗಿದೆ?"

"ಪರವಾಗಿಲ್ಲ ಸರ್. ಮೀಟಿಂಗು?"

"ನಡೀತಾ ಇದೆ." ಅವರು ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ನಾನು ನಿಮ್ಮನ್ನ ನೋಡಿಲ್ಲ. ನೀವು ನನ್ನನ್ನ ಬರೆದಿಲ್ಲ. ತಿಳೀತಾ?"

ಒಂದು ಗಂಟೆಗೆ ಪುಸ್ತಕಗಳು ಸಾಲಾಗಿ ನೆಲಕ್ಕೆ ಬಂದವು. ಬರೆದಿದ್ದೆ ಎನ್ನಲು ಗುಮಾಸ್ತ ಬಾಯಿ ತೆರೆದ. ಗೇಟಿನ ಬಳಿ ಮ್ಯಾನೇಜರರು ಇನ್ನೂ ನಿಂತಿದ್ದರು. ಬಾಯಿ ಮುಚ್ಚಿದ.

ಮೇಷ್ಟ್ರು ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದರು.