ಕಪ್ತಾನರನ್ನು ಮೇಲೇರಿಸಿದ ಬಾಳೆಗೊನೆ

ದೊಡ್ಡವರು ದೊಡ್ಡವರಾದದ್ದು ತಮ್ಮ ಬುದ್ಧಿಯಿಂದಲೇ ಎಂದು ನಂಬುವವರು ಅವರ ಕೈಕೆಳಗೆ ಒಂದು ದಿನವೂ ನೌಕರಿ ಮಾಡಿರಲಾರರು. ನಮ್ಮ ಕಪ್ತಾನ ಸಾಹೇಬರು ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರಾದಾಗ ಹಾರ ಹಾಕಿದವರೆಲ್ಲ ಅವರ ಶೌರ್ಯವನ್ನೂ ವಿದ್ವತ್ತನ್ನೂ ಕೊಂಡಾಡಿದರು. ನನ್ನ ತಪ್ಪನ್ನು ಒಬ್ಬರೂ ನೆನೆಯಲಿಲ್ಲ. ಬೇರೆ ದಾರಿಯಿಲ್ಲದೆ ನಾನೇ ನೆನೆಯುತ್ತಿದ್ದೇನೆ.

ನಿಜಾಮರ ಫೌಜಿನಲ್ಲಿ ಕುದುರೆ ಏರಿ, ದೊಡ್ಡ ಯುದ್ಧ ಮುಗಿಸಿಕೊಂಡು ಬಂದ ಕಪ್ತಾನರು ಖಡ್ಗವನ್ನು ಗೋಡೆಗೆ ತೂಗುಹಾಕಿ ಸಸ್ಯವಿಜ್ಞಾನ ಓದಿದರು. ವೃತ್ತಿ ಬದಲಾಯಿತು, ಗಂಟಲು ಬದಲಾಗಲಿಲ್ಲ. ಕಲಬುರಗಿಯ ಕಾಲೇಜಿನಲ್ಲಿ ಪಾಠ, ಕಮಲಾಪುರದ ತೋಟದಲ್ಲಿ ಕೆಂಪು ಬಾಳೆಯ ಸಂಶೋಧನೆ. ಬೆಳಗಾದರೆ ಬಾಳೆಗಿಡಗಳ ಹಾಜರಿ! ಸಾಹೇಬರು ನಂಬರು ಕೂಗುವುದು, ಗಿಡದ ಪರವಾಗಿ ನಾನು "ಹಾಜಿರ್" ಎನ್ನುವುದು. ಬಾಗಿದ ಗಿಡವೊಂದನ್ನು "ಸೀದಾ ನಿಲ್ಲು!" ಎಂದು ಅವರು ಗದರಿದಾಗ ನಾನು ನೆಟ್ಟಗಾದದ್ದೂ ಉಂಟು.

ನಾನು ಅವರ ಹಂಗಾಮಿ ಗುಮಾಸ್ತ. ಕಲಬುರಗಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಆದರೆ ಹುಡುಗಿಯ ತಂದೆ, ಅಡತಿ ಅಂಗಡಿಯವರು, ಖಡಾಖಂಡಿತವಾಗಿ ಹೇಳಿದ್ದರು: "ಮೊದ್ಲ ನೌಕರಿ ಕಾಯಂ ಆಗ್ಲಿ ತಮ್ಮಾ, ಆಮ್ಯಾಲ ಮದುವಿ ಅಕ್ಕಿಕಾಳು." ಕಾಯಂ ಮಾಡಬೇಕಾದವರು ಕಪ್ತಾನರು. ಅವರ ಷರತ್ತು ತೋಟದ ಕೋಣೆಯಲ್ಲಿ ತೂಗಾಡುತ್ತಿತ್ತು. ಕೆಂಪು ಬಾಳೆ ಕೆಡದೆ ಎಷ್ಟು ದಿನ ಇರುತ್ತದೆಂದು ನೋಡಲು ಒಂದು ಚಿಕ್ಕ ಗೊನೆ ಇಳಿಸಿ, ಪ್ರತಿ ಹಣ್ಣಿನ ಮೇಲೂ ಮಸಿಯಲ್ಲಿ ನಂಬರು ಬರೆದಿದ್ದರು.

"ಇದಕ್ಕ ಯಾರೂ ಕೈ ಹಚ್ಚಬಾರದು. ಹಚ್ಚಿದ್ರ ನಿಮ್ಮ ನೌಕರಿ ಖತಂ. ಸಮಝೆ?"

ಚೆನ್ನಾಗಿ ಸಮಝಾಗಿತ್ತು. ಹಗಲೆಲ್ಲ ಆ ಗೊನೆಯನ್ನು ನೋಡುತ್ತ ಕೂತರೆ ನನಗೆ ಮದುವೆ ಚಪ್ಪರವೇ ಕಾಣುತ್ತಿತ್ತು.

ಸಾಹೇಬರು ವಿಶ್ವವಿದ್ಯಾಲಯದ ಮುಖ್ಯಸ್ಥರಾಗಲು ತಕ್ಕವರೋ ಅಲ್ಲವೋ ಎಂದು ಪರೀಕ್ಷಿಸಲು ಹೈದರಾಬಾದಿನಿಂದ ಮೂವರು ಹಿರಿಯರು ಬರುವುದಿತ್ತು. ಸಾಹೇಬರು ಅವರನ್ನು ಎದುರುಗೊಳ್ಳಲು ಕಲಬುರಗಿ ಸ್ಟೇಷನ್ನಿಗೆ ಹೋದರು. ಅವರೋ ಹುಮನಾಬಾದ ಹಾದಿ ಹಿಡಿದು, ಮೋಟಾರಿನಲ್ಲಿ ನೇರ ಕಮಲಾಪುರದ ತೋಟಕ್ಕೇ ಬಂದಿಳಿದರು. ಮನೆಗೆ ಬಂದವರನ್ನು ಬರಿಬಾಯಿಯಲ್ಲಿ ಕೂರಿಸುವುದು ನಮ್ಮ ಕಡೆ ಮಹಾಪಾಪ. ಕೋಣೆಯಲ್ಲಿ ಒಂದು ಚೂರು ಬೆಲ್ಲವೂ ಇರಲಿಲ್ಲ. ಕಾವಲುಗಾರ ಶಿವಪ್ಪ ಕಿವಿಯಲ್ಲಿ ಊದಿದ: "ಹಣ್ಣು ಎದುರಿಗೇ ತೂಗಾಡ್ಲತ್ತಾವ. ಕೊಡಲಿಲ್ಲಂದ್ರ ಊರ ಮರ್ಯಾದಿ ಹೋಗ್ತದ್ರೀ!" ಊರ ಮರ್ಯಾದೆಯ ಮುಂದೆ ನನ್ನ ಮದುವೆ ಯಾವ ಲೆಕ್ಕ? ತಲೆಗೊಂದರಂತೆ ಮುರಿದುಕೊಟ್ಟೆ. ಒಂದಕ್ಕೆ ನಿಲ್ಲುವ ಹಣ್ಣೇ ಅದು? ವಿದ್ವಾಂಸರು ಹಸಿದಿದ್ದರು.

ಕಪ್ತಾನರು ಒಳಗೆ ಬಂದಾಗ ಗೊನೆಯಲ್ಲಿ ದಿಂಡು ಮಾತ್ರ ಉಳಿದಿತ್ತು. ನನಗೆ ನಿಜಕ್ಕೂ ಅಳು ಬಂತು. ಸಾಹೇಬರು ಸಿಪ್ಪೆಯ ರಾಶಿ ನೋಡಿದರು, ಹಿರಿಯರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆಮೇಲೆ ಅತಿಥಿಗಳ ಕಡೆ ತಿರುಗಿ, "ಹುಜೂರ್ ಸವಿದದ್ದು ಹಣ್ಣನ್ನಲ್ಲ, ನನ್ನ ಸಂಶೋಧನೆಯನ್ನು" ಎಂದು ಉರ್ದುವಿನಲ್ಲಿ ಬಹು ವಿನಯದಿಂದ ತಿಳಿಸಿದರು. ಯಾರು ಯಾವ ನಂಬರು ತಿಂದರು, ರುಚಿ ಹೇಗಿತ್ತು ಎಂದು ಬರೆದು ದಸ್ತಖತ್ತು ಮಾಡಿಕೊಟ್ಟರೆ ಉಪಕಾರವಾದೀತು ಎಂದರು. "ಮಾರಿ ಏನ್ ನೋಡ್ತೀರಿ, ಮಸಿಕುಡಿಕಿ ತರ್ರಿ!" ಎಂದದ್ದು ನನಗೆ.

ಕೈ ಇನ್ನೂ ಅಂಟಾಗಿದ್ದ ಹಿರಿಯರು ನಾಚಿಕೆಯಿಂದ ಪುಟಗಟ್ಟಲೆ ಹೊಗಳಿ ಬರೆದರು. ಹಾಗೆ ಬರೆದುಕೊಟ್ಟ ಮೇಲೆ ಸಂಶೋಧನೆ ಕಳಪೆ ಎನ್ನಲು ಯಾವ ಬಾಯಿ? ತಿಂಗಳೊಳಗೆ ಕಪ್ತಾನರಿಗೆ ಹೈದರಾಬಾದಿನ ಹುಕುಮು ಬಂತು.

ಹೊರಡುವ ಮುನ್ನ ನನ್ನ ಕಾಗದಕ್ಕೆ ಮೂರು ಸಾಲು ಬರೆದರು: 'ಅತಿಥಿ ಸತ್ಕಾರದಲ್ಲಿ ನಿಪುಣ. ಕಾಯಂ ಮಾಡಲು ಅಡ್ಡಿಯಿಲ್ಲ. ಹಣ್ಣಿನ ಕೋಣೆಯ ಬೀಗದಕೈ ಇವರ ಹತ್ತಿರ ಇರಕೂಡದು.'

ಮಾವನವರು ಎರಡನೆಯ ಸಾಲಿಗೇ ಕುಣಿದಾಡಿ ಮುಹೂರ್ತ ಇಡಿಸಿದರು. ಮೂರನೆಯದನ್ನು ಅವರ ಮಗಳು ಯಾರಿಂದಲೋ ಓದಿಸಿಕೊಂಡಿದ್ದಳು. ಮದುವೆಯಾಗಿ ಮನೆಗೆ ಬಂದ ದಿನವೇ ಉಗ್ರಾಣದ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸರಕಾರಿ ಹುಕುಮ್ ಅದ ರೀ" ಎಂದಳು. ಕಪ್ತಾನರು ಹೈದರಾಬಾದಿನ ಆ ಕುರ್ಚಿ ಬಿಟ್ಟು ಎಷ್ಟೋ ಕಾಲವಾಯಿತು, ನಮ್ಮ ಮನೆಯಲ್ಲಿ ಅವರ ಹುಕುಮು ಇನ್ನೂ ನಡೆಯುತ್ತಿದೆ. ಅತಿಥಿಗಳು ಬಂದಾಗ ಮಾತ್ರ ನನಗೂ ಒಂದು ಹಣ್ಣು ಸಿಗುತ್ತದೆ. ಆದ್ದರಿಂದ ದಾರಿಯಲ್ಲಿ ಸಿಕ್ಕ ಗುರುತಿಲ್ಲದವರನ್ನೂ ಕೈಹಿಡಿದು ಮನೆಗೆ ಕರೆತರುತ್ತೇನೆ. ನನ್ನಂಥ ಉದಾರಿ ಕಲಬುರಗಿಯಲ್ಲೇ ಇಲ್ಲವೆಂದು ಜನ ಹೇಳುತ್ತಾರೆ.