ಐದು ನಿಮಿಷ ಬಿಟ್ಟು ಮಾಡ್ರಿ

ಎಲ್ಲಾ ಕೆಟ್ಟಿದ್ದು ಹಳೇ ಹಾಡಿನಿಂದ. ಸಿರುಗುಪ್ಪದಲ್ಲಿ ಬಸ್ಸು ಹತ್ತಿದ ಮಹಮ್ಮದ್ ಗೌಸ್ ಸಾಬರು ಫೋನು ಕಿವಿಗೊತ್ತಿಕೊಂಡು ಹಾಡು ಕೇಳುತ್ತಾ ಕೂತರು. ಕುರುಗೋಡು ಬಂದು ಹೋದದ್ದೂ ಗೊತ್ತಾಗಲಿಲ್ಲ, ಬ್ಯಾಟರಿ ಇಳಿದದ್ದೂ ಗೊತ್ತಾಗಲಿಲ್ಲ. ಬಳ್ಳಾರಿಯಲ್ಲಿ ಇಳಿದಾಗ ಫೋನು ಕಣ್ಣು ಮುಚ್ಚಿತ್ತು. ಹೋಗಬೇಕಾದ ಮನೆಯ ಲೊಕೇಶನ್ನು ಅದರ ಹೊಟ್ಟೆಯೊಳಗೇ ಉಳಿಯಿತು.

ಮನೆ ಪಾರ್ವತಿನಗರದ ಇನಾಯತ್ ಸಾಬರದು. ಮಗಳು ಗುಲ್ನಾಜಳನ್ನು ಅವರ ಮಗನಿಗೆ ಕೊಡುವ ಮಾತು. ಹುಡುಗ ಬಂಗಾರದಂಥವನು, ಗುಲ್ನಾಜಳಿಗೂ ಮನಸ್ಸಿತ್ತು. ಹುಡುಗನ ತಂದೆ ಮಾತ್ರ ಗಡಿಯಾರ ನುಂಗಿದ ಮನುಷ್ಯ. "ಹನ್ನೆರಡರೊಳಗ ಬರ್ರಿ. ಟೈಮಿಗೆ ಬರದವರ ಮನಿ ಸಂಬಂಧ ನಮಗ ಬ್ಯಾಡ" ಅಂತ ಮೊದಲೇ ಹೇಳಿದ್ದರು. "ಅಡ್ರೆಸ್ಸು ಚೀಟ್ಯಾಗ ಬರಕೊಳ್ರಿ" ಅಂತ ಹೆಂಡತಿ ನೂರಜಹಾನ್ ಬಡಕೊಂಡಿದ್ದಳು. "ಚೀಟಿ ಕಾಲ ಹೋತು ಬಿಡು" ಅಂದಿದ್ದರು ಇವರು.

"ಪಾರ್ವತಿನಗರದಾಗ ಯಾವ ಇನಾಯತ್ ಅಂತ ಹುಡುಕ್ಲಿ?" ಅಂದ ಆಟೋದ ಎರ್ರಿಸ್ವಾಮಿ. "ಈಗ ಬಾಜೂ ಮನಿಯವರ ಹೆಸರೂ ಯಾರಿಗೂ ಗೊತ್ತಿಲ್ಲ. ತಗೋರಿ ನನ್ನ ಫೋನು, ಮನಿಯಾಕಿಗೆ ಮಾಡಿ ಕೇಳ್ರಿ."

ಗೌಸ್ ಸಾಬರ ಹೆಬ್ಬೆಟ್ಟು ಗಾಳಿಯಲ್ಲೇ ನಿಂತಿತು. ಒಂಬತ್ತು, ನಾಕು... ಇಲ್ಲ, ಎಂಟೋ ಏನೋ.

"ಹೆಂಡ್ತಿ ನಂಬರೂ ಗೊತ್ತಿಲ್ಲೇನ್ರಿ?" ಎರ್ರಿಸ್ವಾಮಿ ಕೇಳಿದ್ದು ಇಡೀ ಆಟೋ ಸ್ಟ್ಯಾಂಡಿಗೆ ಕೇಳಿಸಿತು. ನಾಕು ಮಂದಿ ಸೇರಿದರು. ಒಬ್ಬ ಚಾರ್ಜರು ತಂದ, ಪಿನ್ನು ಕೂಡಲಿಲ್ಲ. "ಇದು ನಮ್ಮಜ್ಜನ ಕಾಲದ್ದು" ಅಂತ ಇನ್ನೊಬ್ಬ ನಕ್ಕ.

ಯಾರಿಗೆ ಹೇಳಿದ ಮಾತು ಅದು. ಫೋನ್ ಬೂತು ಇಟ್ಟಿದ್ದ ಕಾಲಕ್ಕೆ ಸಿರುಗುಪ್ಪದಲ್ಲಿ ಎಸ್‌ಟಿಡಿ ಗೌಸ್ ಅಂದರೆ ಸಾಕಿತ್ತು. ಅರ್ಧ ಊರಿನ ನಂಬರು ನಾಲಿಗೆ ಮೇಲೆ. ಗಾಜಿನ ಬಾಗಿಲ ಆಚೆ ಮಾತಾಡುವವರ ಮುಖ ನೋಡಿದರೇ ಹೆರಿಗೆ ಆತೋ, ನೌಕರಿ ಸಿಕ್ಕಿತೋ ಅಂತ ಹೇಳುತ್ತಿದ್ದರು. ಎಂಥಾ ದಿನ ಅವು. ಈಗ ನಂಬರೆಲ್ಲಾ ಫೋನಿನ ತಲೆಗೆ ಹೋಗಿ, ಇವರ ತಲೆ ಖಾಲಿ ಡಬ್ಬಿ.

ಅಷ್ಟರಲ್ಲಿ ಬೆರಳು ತಾನೇ ಓಡಿತು. ಅವರ ಓಣಿಯ ಬಾಯಿಗೇ ಇದ್ದ ಗವಿಸಿದ್ದಪ್ಪನ ಅಕ್ಕಿ ಮಿಲ್ಲಿನ ಹಳೇ ನಂಬರು. ರಿಂಗಾಯಿತು.

"ಹಲೋ, ಯಾರು?"

"ನಾನಪ್ಪ, ಗೌಸ್."

"ಗೌಸಣ್ಣ? ಈ ಫೋನು ಬಡಕೊಂಡು ವರ್ಷ ಆತಲ್ಲೋ ಮಾರಾಯ."

"ಗವಿಸಿದ್ದಪ್ಪ, ನಮ್ಮಾಕಿನ್ನ ಜಲ್ದಿ ಕರಸಪ್ಪ."

"ಕರಸ್ತೀನಿ. ಐದು ನಿಮಿಷ ಬಿಟ್ಟು ಮಾಡು."

ಗೌಸ್ ಸಾಬರ ಕಣ್ಣು ತುಂಬಿತು. ಮನೆಮನೆಗೆ ಫೋನಿಲ್ಲದ ಕಾಲದಲ್ಲಿ, ಬೂತಿನಲ್ಲಿ ದಿನಕ್ಕೆ ನೂರು ಸಲ ಕೇಳುತ್ತಿದ್ದ ಮಾತು ಅದು. ಆಮೇಲೆ ಯಾರೂ ಯಾರಿಗೂ ಅದನ್ನು ಹೇಳಿರಲಿಲ್ಲ.

ಐದು ನಿಮಿಷಕ್ಕೆ ಸರಿಯಾಗಿ ಮಾಡಿದರು. ಆ ಕಡೆ ನೂರಜಹಾನ್ ಏದುಸಿರು ಬಿಡುತ್ತಿದ್ದಳು. ಅವಳ ಹಿಂದೆ ಹತ್ತಾರು ಮಂದಿ ಅಳುವ ಸದ್ದು.

"ಜೀವಂತ ಅದೀರೇನ್ರಿ?"

"ನನಗೇನಾಗೈತಿ?"

"ಮಿಲ್ಲಿನ ಫೋನಿಗೆ ಬರ್ರಿ ಅಂತ ಓಡಿಬಂದು ಕರೀತಿದ್ದದ್ದು ಯಾವಾಗ? ಯಾರಾದ್ರೂ ಸತ್ತಾಗಲ್ಲೇನ್ರಿ? ಓಣಿ ಮಂದಿ ಎಲ್ಲಾ ಅಳಕೋತ ಬಂದಾರ. ನಾನೂ ಫೋನು ಮನ್ಯಾಗ ಬಿಟ್ಟು ಓಡಿ ಬಂದೀನಿ."

"ಅತ್ತವರಿಗೆ ಚಹಾ ಕುಡಿಸಿ ಕಳಸು. ಮೊದಲು ಅಡ್ರೆಸ್ ಹೇಳು."

"ನೀರಿನ ಟ್ಯಾಂಕಿನ ಹಿಂದ, ಹಸರು ಗೇಟು."

ಎರ್ರಿಸ್ವಾಮಿಯ ಆಟೋ ದಾರಿಯಲ್ಲಿ ಎರಡು ಸಲ ನಿಂತರೂ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹಸಿರು ಗೇಟು ಸಿಕ್ಕಿತು. ಗೌಸ್ ಸಾಬರು ಟೋಪಿ ಸರಿ ಮಾಡಿಕೊಂಡರು. ಗೇಟಿಗೆ ಬೀಗ.

"ಈಗ ಹೋದ್ರು ನೋಡ್ರಿ, ಕಾರಿನ್ಯಾಗ" ಅಂದಳು ಪಕ್ಕದ ಮನೆಯ ಹಂಪಮ್ಮ. "ಸಿರುಗುಪ್ಪಕ್ಕ, ಮಣ್ಣಿಗೆ. ಬೀಗರಾಗೋರು ಹೋಗಿಬಿಟ್ರಂತ. ಸಿರುಗುಪ್ಪದ ಓಣಿಯವರು ವಾಟ್ಸಾಪ್ ಗ್ರೂಪಿನ್ಯಾಗ ಹಾಕ್ಯಾರ. ಇನಾಯತ್ ಸಾಬ್ರು ನನಗೂ ಕಳಿಸ್ಯಾರ."

ಅವಳು ಫೋನು ತೋರಿಸಿದಳು. ಹಳೇ ಫೋಟೋ: ಬೂತಿನ ಮುಂದೆ ಕೈಕಟ್ಟಿ ನಿಂತ, ಕರೀ ಮೀಸೆಯ ಗೌಸ್. ಕೆಳಗೆ ಸಾಲಾಗಿ ಮುಗಿದ ಕೈಗಳು.

"ಪಾಪ, ಸಣ್ಣ ವಯಸ್ಸು" ಅಂದಳು ಹಂಪಮ್ಮ, ಇವರ ಬಿಳಿ ಗಡ್ಡ ನೋಡುತ್ತಾ. "ನಿಮಗ ಏನಾಗಬೇಕು?"

"ಅದು ನಾನೇ ತಾಯಿ" ಅಂದರು ಗೌಸ್ ಸಾಬರು. "ಅವರಿಗೆ ಒಂದು ಫೋನು ಹಚ್ಚಿ ಕೊಡ್ರಿ."

ಅವಳು ಗಾಬರಿಯಿಂದಲೇ ಹಚ್ಚಿ ಕೊಟ್ಟಳು.

"ಸಾಬ್ರೇ, ನಾನು ಸಿರುಗುಪ್ಪದ ಗೌಸ್. ಹುಡುಗಿ ತಂದಿ. ನಿಮ್ಮ ಮನಿ ಮುಂದ ಅದೀನಿ, ಟೈಮಿಗೆ ಸರಿಯಾಗಿ ಬಂದೀನಿ."

ಆ ಕಡೆ ಇನಾಯತ್ ಸಾಬರು ಸಿಡಿದರು.

"ಹಂಪಮ್ಮನ ನಂಬರೂ ಹ್ಯಾಕ್ ಮಾಡೀರೇನು? ಸತ್ತವರ ಹೆಸರು ಹೇಳಿ ಓಟಿಪಿ ಕೇಳ್ತೀರಿ, ನಾಚಿಕಿ ಆಗಂಗಿಲ್ಲ ನಿಮಗ?"

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಹೋಗಲಿಲ್ಲ. ಪುಣ್ಯಾತ್ಮ ಬ್ಲಾಕ್ ಮಾಡಿದ್ದ.

ಗೌಸ್ ಸಾಬರು ಕಟ್ಟೆಯ ಮೇಲೆ ಕೂತರು. ಇನ್ನೆರಡು ತಾಸಿಗೆ ಇನಾಯತ್ ಸಾಬರು ಸಿರುಗುಪ್ಪ ಮುಟ್ಟುತ್ತಾರೆ, ಹೆಣ ಎಲ್ಲಿ ಅಂತ ಕೇಳುತ್ತಾರೆ. ಟೈಮಿಗೆ ಬಾರದವರನ್ನೇ ಒಪ್ಪದ ಮನುಷ್ಯ. ಸತ್ತಿದ್ದರೆ ಮಾಫಿ ಆದರೂ ಸಿಗುತ್ತಿತ್ತು, ಬದುಕಿದ್ದಕ್ಕೆ ಏನಂತ ಕಾರಣ ಹೇಳುವುದು?