ಕಮಲಕ್ಕನ ಷರಾ ಮತ್ತು ನನ್ನ ಹದಿನೇಳನೇ ಕಲಮು

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಪಾರಿತೋಷಕ ಗೆದ್ದವಳು. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲೆಯೇ ನನ್ನ ಅಭಿಪ್ರಾಯ ಹುಟ್ಟುತ್ತಿತ್ತು. ಇಂಥವಳ ಮುಂದೆ ಬೆಂಗಳೂರಿನ ಕಂಪನಿಯೊಂದು ಇಪ್ಪತ್ತೆರಡು ಪುಟದ ಕರಾರು ಇಟ್ಟರೆ ಸುಮ್ಮನೆ ಸಹಿ ಹಾಕುತ್ತೇನೆಯೇ?

ಕೆಲಸ ಇಷ್ಟೆ. ಮಿಕ್ಸಿ ಕೆಟ್ಟವರು ಫೋನ್ ಮಾಡಿ ಬೈಯುತ್ತಾರೆ. ಅದನ್ನು ಯಂತ್ರ ಕೇಳಿ ಕನ್ನಡದಲ್ಲಿ ಬರೆಯುತ್ತದೆ. ಯಂತ್ರ ಬರೆದದ್ದನ್ನು ನಾನು ಶಿಕಾರಿಪುರದ ನಮ್ಮ ಮನೆಯಲ್ಲಿ ಕೂತು, ಮತ್ತೆ ಕೇಳಿ ತಿದ್ದಬೇಕು. ಮಿಕ್ಸಿ ಕಂಪನಿ ಬೆಂಗಳೂರಿಗೆ ದಾಟಿಸಿದ ಕೆಲಸವನ್ನು ಬೆಂಗಳೂರು ನನಗೆ ದಾಟಿಸಿತ್ತು. ದೊಡ್ಡವರು ಇದನ್ನು ಔಟ್‌ಸೋರ್ಸಿಂಗ್ ಎನ್ನುತ್ತಾರೆ. ನಮ್ಮಮ್ಮ ಮೈಗಳ್ಳತನ ಎನ್ನುತ್ತಾಳೆ. ಮೂರು ತಿಂಗಳು ತಪ್ಪಿಲ್ಲದೆ ಮುಗಿಸಿದರೆ ಒಂದು ವರ್ಷದ ಕೆಲಸ ಖಾತ್ರಿ. "ಇವಳ ಬಾಯಿಗೆ ಯಾರು ಕೆಲಸ ಕೊಡ್ತಾರೆ" ಎಂಬ ಅಮ್ಮನ ಮಾತು ಬಂದ್!

ನಾಲ್ಕನೇ ಕಲಮು ಹೀಗಿತ್ತು: ದತ್ತಾಂಶ ರಕ್ಷಣೆಗೆ ಹೊಸ ಕಾನೂನು ಬಂದಿರುವುದರಿಂದ ಈ ಕರೆಗಳನ್ನು ನನ್ನ ಹೊರತು ನರಪಿಳ್ಳೆಯೂ ಕೇಳಕೂಡದು, ಕೆಲಸವನ್ನು ಬೇರೆಯವರಿಗೆ ದಾಟಿಸಕೂಡದು. ಒಪ್ಪಿದೆ. ಆದರೆ ವಾದಿಸದೆ ಒಪ್ಪಿದರೆ ಪಾರಿತೋಷಕದ ಮಾನ ಏನಾಗಬೇಕು? ಕಂಪನಿಯ ಅಧಿಕಾರಿ ಪ್ರಶಾಂತ್ ಜೊತೆ ಒಂದು ಗಂಟೆ ಫೋನಿನಲ್ಲಿ ಕಾದಾಡಿ ಹದಿನೇಳನೇ ಕಲಮು ಹಾಕಿಸಿದೆ: "ಬರೆದದ್ದೇ ಅಂತಿಮ. ಅದಕ್ಕೆ ಯಾರೂ ಬೇರೆ ಅರ್ಥ ಹಚ್ಚತಕ್ಕದ್ದಲ್ಲ."

"ಇದು ಯಾಕೆ ಮೇಡಂ?"

"ನಾಳೆ ನೀವು ಜಾರ್ಕೊಳ್ಳಬಾರ್ದಲ್ಲ ಸಾರ್!"

ಗೆದ್ದೆ.

ಮೂರನೇ ತಿಂಗಳು, ಯಂತ್ರ ಚುರುಕಾಗಿದೆ, ನಿಮಗೆ ಶ್ರಮ ಕಡಿಮೆ ಎನ್ನುತ್ತಾ ಕಂಪನಿ ಮೂರು ಪಟ್ಟು ಕರೆ ಕಳಿಸಿತು. ಚುರುಕಾದ ಯಂತ್ರ ಬೈಗುಳ ಬಂದಲ್ಲೆಲ್ಲ ಬರೀ ಚುಕ್ಕಿ ಇಟ್ಟಿತ್ತು. ಕೆಟ್ಟ ಮಿಕ್ಸಿಯ ಬಗ್ಗೆ ನಮ್ಮ ಕಡೆಯವರು ಮಾತಾಡಿದರೆ ಉಳಿಯುವುದು ಚುಕ್ಕಿಗಳೇ!

ಸೊರಬಕ್ಕೆ ಕೊಟ್ಟ ಗಿರಿಜಕ್ಕನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ.

"ಅದಕ್ಕೆ ಯಾಕೆ ಅಳ್ತೀಯೇ? ಮುಯ್ಯಾಳು ಮಾಡ್ಕ. ನಾನೂ ಪಕ್ಕದ್ಮನೆ ಕಮಲಕ್ಕನೂ ಎರಡು ದಿನ ನಿನ್ ಕೆಲಸ ಮಾಡ್ಕೊಡ್ತೀವಿ. ಆಮೇಲೆ ನಮ್ಮ ಗದ್ದೆ ನಾಟಿಗೆ ನೀನು ಬಾ. ಲೆಕ್ಕ ಚುಕ್ತಾ."

ನಾಲ್ಕನೇ ಕಲಮು ಏನಾಯಿತು ಎಂದು ಮನಸ್ಸಾಕ್ಷಿ ಕೇಳಿತು. ಅದರ ಜೊತೆಗೂ ವಾದಿಸಿದೆ. ಕೂಲಿ ಇಲ್ಲ, ಬಿಲ್ಲಿಲ್ಲ, ಆದ್ದರಿಂದ ಇದು ಔಟ್‌ಸೋರ್ಸಿಂಗೇ ಅಲ್ಲ! ಮನಸ್ಸಾಕ್ಷಿ ಸೋತಿತು. ಕರೆಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಸೊರಬದ ಬಸ್ಸು ಹತ್ತಿದೆ.

ಕಮಲಕ್ಕ ಕೆಲಸದಲ್ಲಿ ಹುಲಿ. ತೊಂದರೆ ಒಂದೇ. ತಿದ್ದಿದ್ದನ್ನು ತುಂಬುವ ಕಂಪನಿಯ ಪಟ್ಟಿಯ ಕೊನೆಯ ಅಂಕಣದಲ್ಲಿ 'ಷರಾ' ಎಂದಿತ್ತು. ಅದು ಖಾಲಿ ಬಿಡುವ ಜಾಗ. ಖಾಲಿ ಬಿಡುವುದು ಕಮಲಕ್ಕನ ಜಾಯಮಾನವಲ್ಲ. "ಪಾಪ, ಬಾಣಂತಿ. ಬೇಗ ರಿಪೇರಿ ಮಾಡಿಕೊಡುವುದು." "ಈಯಪ್ಪ ಹೇಳೋದು ಪೂರಾ ಸುಳ್ಳು." ನಾನು ಆತುರದಲ್ಲಿ ಅದನ್ನೆಲ್ಲ ನೋಡದೆ ಕಂಪನಿಗೆ ಕಳಿಸಿಬಿಟ್ಟೆ.

ಅಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದೆ. ಒಂದು ಕರೆಯಲ್ಲಿ ಕಮಲಕ್ಕನಿಗೆ ತೊಗರ್ಸಿಯ ತನ್ನ ಭಾವನ ದನಿ ಕೇಳಿಸಿತ್ತು. ಅರಿಶಿನ ಕೊಂಬು ಪುಡಿ ಮಾಡಲು ಹೋಗಿ ಮಿಕ್ಸಿ ಸುಟ್ಟೆ ಎಂದು ಆತ ಕಂಪನಿಯ ಮುಂದೆ ಒಪ್ಪಿಕೊಂಡಿದ್ದ. ಮನೆಯಲ್ಲಿ ಮಾತ್ರ ತಪ್ಪನ್ನು ಹೆಂಡತಿಯ ತಲೆಗೆ ಕಟ್ಟಿದ್ದ. ಕಮಲಕ್ಕ ಸುಮ್ಮನಿದ್ದಾಳೆಯೇ? ನಮಗೆ ಗೊತ್ತಿಲ್ಲದಂತೆ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು.

"ಏನ್ ಭಾವ, ಕೊಂಬು ಹಾಕಿ ಸುಟ್ಟಿದ್ದು ನೀವೇ ಅಂತೆ? ನಮ್ಮಕ್ಕನ ಮೇಲೆ ಹಾಕಿದ್ರಲ್ರೀ!"

ಭಾವ ಮರುದಿನವೇ ಕಂಪನಿಗೆ ದೂರು ಕೊಟ್ಟ. ಬೆಂಗಳೂರಿಗೆ ಹೇಳಿದ ಗುಟ್ಟು ಸೊರಬಕ್ಕೆ ಹೇಗೆ ಬಂತು?

ಆ ಕರೆ ನನ್ನ ಪಾಲಿಗೆ ಬಂದದ್ದು ದಾಖಲೆಯಲ್ಲಿತ್ತು. ಪ್ರಶಾಂತ್ ವಿಡಿಯೋ ಕರೆಯಲ್ಲಿ ಪ್ರತ್ಯಕ್ಷನಾದ. ನಾನು ಇಪ್ಪತ್ತು ನಿಮಿಷ ಮಾತಾಡಿದೆ. "'ದಾಟಿಸುವುದು' ಅನ್ನೋದರ ಆಶಯ ನೋಡ್ಬೇಕು ಸಾರ್. ಮುಯ್ಯಾಳು ಅಂದ್ರೆ ಪರಸ್ಪರ ಸಹಕಾರ, ಶತಮಾನಗಳ ಪರಂಪರೆ..."

ಆತ ಪೂರ್ತಿ ಕೇಳಿದ. "ಚೆನ್ನಾಗಿ ಮಾತಾಡ್ತೀರಿ ಮೇಡಂ. ಹದಿನೇಳನೇ ಕಲಮು ಸ್ವಲ್ಪ ಓದ್ತೀರಾ?"

ಓದಿದೆ.

"ಯಾರು ಹಾಕ್ಸಿದ್ದು ಅದು?"

ನಾನೇ ಎಂದು ಒಪ್ಪಿಕೊಂಡೆ. ಕರಾರು ರದ್ದಾಯಿತು. ಒಳಗಿನಿಂದ ಅಮ್ಮ ಕೆಮ್ಮಿದಳು, ಅಷ್ಟೆ. ಅವಳು ಬೈದಿದ್ದರೆ ಚೆನ್ನಾಗಿತ್ತು!

ವಾರದ ಮೇಲೆ ಗಿರಿಜಕ್ಕನ ಫೋನು. "ಬುಧವಾರ ನಾಟಿ ಕಣೇ. ನಾವಿಬ್ರು ಎರಡೆರಡು ದಿನ ಮಾಡಿದ್ವಿ. ನೀನು ನಾಲ್ಕು ದಿನ."

"ಬರವಣಿಗೆಯಲ್ಲಿ ಎಲ್ಲಿದೆ ಅಕ್ಕ?"

"ನಿನ್ನ ಬರವಣಿಗೆ ಎಷ್ಟು ದಿನ ಬಾಳ್ತು ಅಂತ ನೋಡಿದ್ನಲ್ಲ. ಬಾ ಸುಮ್ನೆ."

"ಕೂಲಿ ಕೊಟ್ಟು ಬೇರೆ ಯಾರನ್ನಾದ್ರೂ ಕಳಿಸ್ಲಾ?"

"ಮುಯ್ಯಿ ಬೇರೇರಿಗೆ ದಾಟ್ಸಂಗಿಲ್ಲ ಕಣೇ!"

ಇಪ್ಪತ್ತೆರಡು ಪುಟದ ಕರಾರು ಮೂರು ತಿಂಗಳು ಬಾಳಲಿಲ್ಲ. ಒಂದಕ್ಷರ ಬರೆಯದ ಕರಾರು ನನ್ನನ್ನು ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲಿಸಿತು. ಸಾಲು ಸೊಟ್ಟಗಿದ್ದರೂ ಬೆಳೆಗೆ ನಷ್ಟವಿಲ್ಲ ಎಂಬುದನ್ನು ನಾನು ಬಗ್ಗಿದಲ್ಲಿಂದಲೇ ಸಾಧಾರವಾಗಿ ಮಂಡಿಸುತ್ತಿದ್ದೆ. ಕಮಲಕ್ಕ ಹಿಂದಿನಿಂದ ಬಂದು, ನಾನು ನೆಟ್ಟ ಸಸಿಗಳನ್ನು ಒಂದೊಂದೇ ಕಿತ್ತು ನೆಟ್ಟಗೆ ಊರುತ್ತಿದ್ದಳು. ಬದುವಿನ ಮೇಲೆ ನಿಂತ ಗಿರಿಜಕ್ಕ ಕೂಗಿ ಕೇಳಿದಳು. "ಹೆಂಗ್ ಮಾಡ್ತಿದಾಳೆ ಕಮಲಕ್ಕ?"

ಕಮಲಕ್ಕ ತಲೆ ಎತ್ತದೆ ಷರಾ ಬರೆದಳು.

"ಬಾಯಿ ಚುರುಕೈತಿ. ಕೆಲಸ ಎಲ್ಲಾ ಮತ್ತೆ ತಿದ್ದಬೇಕು."